ಬಸ್ಸೆಂದರೆ ಎಲ್ಲರಿಗೂ

ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೋ, ನಾನೇ ಬಸ್ಸು ಹತ್ತಿ ಅವನ್ನು ಹುಡುಕಿಕೊಂಡು ಹೋಗುತ್ತೇನೋ, ಹೇಳುವುದು ಕಷ್ಟ. ನಾನು ಬೈಲಹೊಂಗಲದ ನಿವೃತ್ತ ಇಂಗ್ಲಿಷ್ ಮಾಸ್ತರ. ಹೆಂಡತಿ ಹೋಗಿ ಮೂರು ವರ್ಷವಾಯಿತು, ಮಕ್ಕಳಿಲ್ಲ. ಮುಂಜಾನೆ ಕುಕ್ಕರ್ ಸೀಟಿ ಹೊಡೆದರೆ ಮನೆಯಲ್ಲಿ ಆ ದಿನದ ಮಾತುಕತೆ ಮುಗಿದಂತೆ. ಅದಕ್ಕೇ ಕೆಲಸವಿರಲಿ ಬಿಡಲಿ, ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಪಕ್ಕದಲ್ಲಿ ಕೂತವರು ನಾಲ್ಕು ಮಾತಾಡಿದರೆ ಸಾಕು.

ಮಾತು ತೆಗೆಯಲು ನನ್ನ ಬಳಿ ಇರುವುದು ಒಂದೇ ಬಂಡವಾಳ, ‘ಬಸ್’ ಎಂಬ ಶಬ್ದದ ಹುಟ್ಟು. ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ‘ಓಮ್ನಿಬಸ್’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಎಲ್ಲರಿಗೂ’ ಎಂದರ್ಥ. ಇಂಗ್ಲಿಷರು ತಲೆ, ಹೊಟ್ಟೆ ಕತ್ತರಿಸಿ ಬಾಲವನ್ನಷ್ಟೇ ಇಟ್ಟುಕೊಂಡರು. ಹೆಂಡತಿಗೆ ಇದನ್ನು ಎಷ್ಟು ಸಲ ಹೇಳಿದ್ದೆನೋ ದೇವರಿಗೇ ಗೊತ್ತು.

ನೇಸರಗಿಯ ಟಾವೆಲ್

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟಾವೆಲ್ ಒಗೆದರೆ ಆ ಸೀಟು ನಿಮ್ಮದು. ಒಮ್ಮೆ ನೇಸರಗಿಯಲ್ಲಿ ನೋಡದೇ ಒಂದು ಟಾವೆಲ್ ಮೇಲೆ ಕೂತುಬಿಟ್ಟೆ. ಒಗೆದಿದ್ದ ರೈತ ಬಂದು ಎದುರು ನಿಂತ. ಬಿಡಲಿಲ್ಲ, ಅವನಿಗೆ ಫ್ರಾನ್ಸು, ಕುದುರೆಗಾಡಿ, ಲ್ಯಾಟಿನ್ ಎಲ್ಲ ಹೇಳಿದೆ. ಪುಣ್ಯಾತ್ಮ ತಲೆದೂಗುತ್ತ ಪೂರ್ತಿ ಕೇಳಿದ.

“ಭಾಳ ಚಲೋ ಹೇಳಿದ್ರಿ ಸರ. ಬಸ್ಸು ಎಲ್ಲಾರದೂ ಖರೆ. ಟಾವೆಲ್ ಅಷ್ಟ ನಂದು. ಏಳ್ರಿ.”

ಸವದತ್ತಿಯಲ್ಲಿ

ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸು ಕಾಲಿಡಲೂ ಜಾಗವಿಲ್ಲದಷ್ಟು ತುಂಬಿತ್ತು. ಕಂಡಕ್ಟರ್ ಬಾಗಿಲಲ್ಲಿ ಕೈ ಅಡ್ಡ ಹಿಡಿದು, “ಜಾಗಾ ಇಲ್ರಿ, ಹಿಂದಿನ ಬಸ್ಸಿಗೆ ಬರ್ರಿ” ಎನ್ನುತ್ತಿದ್ದ. ಒಳಗೆ ಮೆಟ್ಟಿಲ ಮೇಲೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಕೆಳಗಿದ್ದವರಿಗೆ ಬಸ್ಸೆಂದರೇನು ಎಂದು ವಿವರಿಸಿದೆ. ನನ್ನ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಪಾಠ ಅಷ್ಟು ಬೇಗ ಯಾರ ತಲೆಗೂ ಹೋಗಿರಲಿಲ್ಲ. “ಮಾಸ್ತರು ಹೇಳ್ಯಾರ, ಏರ್ರಿ” ಎಂದು ಎಲ್ಲರೂ ನುಗ್ಗಿದರು.

ಕಂಡಕ್ಟರ್ ನನಗೆ ಕೈ ಮುಗಿದ. “ಸರ, ನೀವೊಬ್ರು ಇಳೀರಿ. ಇಲ್ಲಂದ್ರ ಮುಂದಿನ ಸ್ಟಾಪಿನ್ಯಾಗೂ ಅರ್ಥ ಹೇಳ್ತೀರಿ.”

ಎಲ್ಲರಿಗೂ ಎಂಬ ಬಸ್ಸು ಎಲ್ಲರನ್ನೂ ತುಂಬಿಕೊಂಡು ಹೋಯಿತು. ಸ್ಟ್ಯಾಂಡಿನಲ್ಲಿ ನಾನೊಬ್ಬನೇ ಉಳಿದೆ.

ರಾಮದುರ್ಗದ ಬಸ್ಸು

ಹೋದ ತಿಂಗಳು ಬೈಲಹೊಂಗಲದಲ್ಲಿ ರಾಮದುರ್ಗದ ಬಸ್ಸು ಬಂತು. ನಾನು ಕಿಟಕಿಯಿಂದ ಟಾವೆಲ್ ಒಗೆದೆ, ಅದರ ಪಕ್ಕಕ್ಕೆ ಚೀಲವನ್ನೂ ಒಗೆದೆ. ಟಾವೆಲ್ ನನಗೆ, ಚೀಲ ಹೆಂಡತಿಗೆ. ಇಬ್ಬರೂ ಓಡಾಡುತ್ತಿದ್ದಾಗಿನ ರೂಢಿ, ಕೈ ಇನ್ನೂ ಮರೆತಿಲ್ಲ. ಬಸ್ಸು ತುಂಬಿತು. ಸಾಲಹಳ್ಳಿಯ ಅಜ್ಜಿಯೊಬ್ಬಳು ಚೀಲ ತೋರಿಸಿ ಕೇಳಿದಳು:

“ಇಲ್ಲೆ ಯಾರ ಬರೂರದಾರ್ರಿ?”

“ನಮ್ಮ ಮನಿಯವರು” ಎಂದುಬಿಟ್ಟೆ. ಬಾಯಿಗೂ ಅದೇ ರೂಢಿ.

ಕಂಡಕ್ಟರ್ ಸೀಟಿ ಊದಿದ. ಸವದತ್ತಿಯಲ್ಲಿ ನನ್ನನ್ನು ಇಳಿಸಿದ್ದನಲ್ಲ, ಅವನೇ; ನಾನು ಹತ್ತುವಾಗಲೇ “ಬಂದ್ರೇನ್ರಿ ಮಾಸ್ತರ” ಎಂದಿದ್ದ. ಕೂಡಲೇ ಅಜ್ಜಿ ಕೂಗಿದಳು: “ಹೋಲ್ಡಾನ್! ಮಾಸ್ತರ್ರ ಮನಿಯಾಕಿ ಇನ್ನಾ ಬಂದಿಲ್ಲೋ ತಮ್ಮಾ!”

ಡ್ರೈವರ್ ಇಂಜಿನ್ ಬಂದ್ ಮಾಡಿದ. ಬಸ್ಸಿಗೆ ಬಸ್ಸೇ ಕಿಟಕಿಯಾಚೆ ಕತ್ತು ಹಾಕಿ ನನ್ನ ಹೆಂಡತಿಯನ್ನು ಹುಡುಕತೊಡಗಿತು. ಕಂಡಕ್ಟರ್ ಓಡಿಹೋಗಿ ಸ್ಟ್ಯಾಂಡಿನ ಮೈಕಿನಲ್ಲಿ ಹೇಳಿಸಿದ: “ಇಂಗ್ಲಿಷ್ ಮಾಸ್ತರ್ರ ಮನಿಯವರು ಎಲ್ಲಿದ್ರೂ ಲಗೂನ ರಾಮದುರ್ಗ ಬಸ್ಸಿಗೆ ಬರಬೇಕ್ರಿ.” ಹೀಗೆ ಮೂರು ಸಲ. ಸುಳ್ಳೇಕೆ ಹೇಳಲಿ, ಮೂರನೆಯ ಸಲಕ್ಕೆ ನಾನೂ ಗೇಟಿನ ಕಡೆ ನೋಡಿದೆ.

“ಆಕಿ ಬರಂಗಿಲ್ರಿ,” ಎಂದೆ ಕೊನೆಗೆ. “ಹೋಗಿ ಮೂರು ವರ್ಷ ಆತು.”

ಅಜ್ಜಿ ಚೀಲವನ್ನೆತ್ತಿ ನನ್ನ ತೊಡೆಯ ಮೇಲಿಟ್ಟು, ದೊಪ್ಪೆಂದು ಪಕ್ಕದಲ್ಲಿ ಕೂತಳು.

“ಮೊದಲ ಹೇಳಬಾರದೇನ್ರಿ ಮಾಸ್ತರ? ನಿಂತು ನಿಂತು ನನ್ನ ಮೊಣಕಾಲು ಹೋದ್ವು.”

ಕಂಡಕ್ಟರ್ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸರ, ಆಯಿಗೆ ನಿಮ್ಮ ಬಸ್ಸಿನ ಕತಿ ಹೇಳ್ರಿ. ಇವತ್ತ ಇಳಸಂಗಿಲ್ಲ.”

ಖುಷಿಯಿಂದ ಶುರು ಮಾಡಿದೆ. ಫ್ರಾನ್ಸು ದಾಟಿ ಲ್ಯಾಟಿನ್‌ಗೆ ಬರುವಷ್ಟರಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ನಮ್ಮಾಕೆಗೂ ಸರಿಯಾಗಿ ಅಲ್ಲಿಗೇ ನಿದ್ದೆ ಬರುತ್ತಿತ್ತು. ಉಳಿದದ್ದನ್ನು, ಅವಳಿಗೆ ಹೇಳುತ್ತಿದ್ದ ಹಾಗೆಯೇ, ಪೂರ್ತಿ ಹೇಳಿ ಮುಗಿಸಿದೆ.