ನಾಲ್ಕು ಕಾಲಿನ ಪ್ಯಾಂಟು

"ಪರೀಕ್ಷೆ ಮುಗಿಯೋ ತನಕ ನಾನು ಒಂದೇ ಒಂದು ಗೆರೆ ಎಳೆದರೆ ಕೇಳಿ" ಎಂದು ದರ್ಜಿಯ ಮಗಳು ಊಟದ ನಡುವೆ ಘೋಷಿಸಿದಳು. ಹತ್ತನೇ ತರಗತಿಯ ಆ ಹುಡುಗಿಯ ಪಾಲಿಗೆ ಅದು ಸನ್ಯಾಸಕ್ಕೆ ಸಮ. ಅಪ್ಪ ಅಷ್ಟೇ ಗಂಭೀರವಾಗಿ ಕರಾರು ಹಾಕಿದ: ಮಾತು ಉಳಿಸಿಕೊಂಡರೆ ರಜದಲ್ಲಿ ಚಿತ್ರಕಲಾ ಶಾಲೆ, ತಪ್ಪಿದರೆ ಆ ಶಾಲೆಯ ಹೆಸರೂ ಎತ್ತುವಂತಿಲ್ಲ. ಅಮ್ಮ ಬಣ್ಣದ ಡಬ್ಬಿಯನ್ನು ಕಪಾಟಿಗೆ ತಳ್ಳಿ ಬೀಗ ಜಡಿದಳು.

"ಯಾಕಮ್ಮಾ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ. ನಿನ್ನ ಕೈ ಮೇಲಿಲ್ಲ."

ಅಮ್ಮ ಹೇಳಿದ್ದೇ ಸರಿಯಾಯಿತು. ಬೀಜಗಣಿತದ ಆವರಣ ಚಿಹ್ನೆಗಳೆಲ್ಲ ಹುಡುಗಿಗೆ ಹುಬ್ಬುಗಳಾಗಿ ಕಾಣತೊಡಗಿದವು. ಕಿಟಕಿಯ ಗಾಜು ಮಬ್ಬಾದರೆ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಎದುರು ಬೀದಿಯಲ್ಲಿ ಗಾಡಿಯ ಬಡಕಲು ಕುದುರೆ ನಿಂತರಂತೂ, ಅದರ ಕತ್ತು ಬೆನ್ನಿಗೆ ಇಳಿಯುವ ತಿರುವನ್ನು ಕಣ್ಣಲ್ಲೇ ಸವರುತ್ತ, ಗಾಡಿ ಹೊರಟುಹೋದ ಮೇಲೂ ಆ ಖಾಲಿ ಜಾಗವನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಒಂದು ಸಂಜೆ ಅವನು, "ಹೆಡ್‌ಮಾಸ್ತರ ಸೂಟಿನ ಬಟ್ಟೆ ಮಡಿಸಿಡು, ಪ್ಯಾಂಟಿಂದಕ್ಕೆ ಗುರುತು ಹಾಕಿದೀನಿ" ಎಂದು ಕೈ ತೊಳೆಯಲು ಒಳಗೆ ಹೋದ. ಪ್ಯಾಂಟಿನ ತುಂಡಿನ ಪಕ್ಕದಲ್ಲಿ ಕೋಟಿನ ತುಂಡು ಮೇಜಿನ ತುಂಬ ಹಾಸಿಕೊಂಡಿತ್ತು. ಅದೇ ಕಡುನೀಲಿ, ಇನ್ನೂ ಒಂದು ಗೆರೆಯನ್ನೂ ಕಂಡಿರಲಿಲ್ಲ. ಅದರ ಮೇಲೆ ಸೀಮೆಸುಣ್ಣದ ಬಿಲ್ಲೆ.

ಬಿಲ್ಲೆ ಪೆನ್ಸಿಲ್ ಅಲ್ಲ, ಬಟ್ಟೆ ಕಾಗದ ಅಲ್ಲ, ಕೊಡವಿದರೆ ಹೋಗುವಂಥದ್ದು ಗೆರೆಯೇ ಅಲ್ಲ ಎಂದು ಹುಡುಗಿ ತನ್ನ ಪರವಾಗಿ ತಾನೇ ವಾದಿಸಿ ತಾನೇ ತೀರ್ಪು ಕೊಟ್ಟುಕೊಂಡಳು. ಕತ್ತು ಬಂತು, ಬೆನ್ನು ಬಂತು, ನೆಲ ಬಿಟ್ಟು ಹಾರುವ ಕಾಲುಗಳು ಬಂದವು. ಅಷ್ಟರಲ್ಲಿ ಅಪ್ಪನ ಹೆಜ್ಜೆ ಸದ್ದೂ ಬಂತು. ಕೊಡವುವುದಕ್ಕೆ ಪುರುಸೊತ್ತಿಲ್ಲದೆ ಅವಳು ಬಟ್ಟೆಯನ್ನು ಮಡಿಸಿ ಎಲ್ಲಕ್ಕಿಂತ ಮೇಲೆ ಇಟ್ಟಳು.

ಗುರುತು ಹಾಕುವಾಗ ತಲೆ, ಕತ್ತರಿಸುವಾಗ ಬರೀ ಕೈ. ಇದು ಅಪ್ಪನ ಪದ್ಧತಿ. ಎಳೆದ ಗೆರೆಯನ್ನು ಮತ್ತೆ ಅನುಮಾನಿಸುವುದು ಕಸುಬಿಗೇ ಅವಮಾನ. ಬೆಳಿಗ್ಗೆ ಮೇಲಿದ್ದ ಬಟ್ಟೆಯನ್ನು ಪ್ಯಾಂಟಿನದೆಂದೇ ಬಿಚ್ಚಿದ, ಗೆರೆ ಕಂಡಿತು, ಕತ್ತರಿ ಹೊರಟಿತು.

"ಹೆಡ್‌ಮಾಸ್ತರ ಸೊಂಟ ಯಾಕೋ ಒಂಥರಾ ಇದೆಯಲ್ಲೇ."

"ಅವರ ಹೊಟ್ಟೆ ನೀವು ನೋಡಿಲ್ವಾ?" ಎಂದಳು ಕಾಜ ಹೊಲಿಯುತ್ತಿದ್ದ ಅಮ್ಮ.

"ಅಳತೆ ತಗೊಂಡವನೇ ನಾನು. ಹೊಟ್ಟೆ ಇಷ್ಟು ದೂರ ಬರಲ್ಲ."

ಅಮ್ಮ ಕತ್ತೆತ್ತಿದಳು. ಸೂಜಿ ನಿಂತಿತು.

"ರೀ, ಅವರಿಗೆ ಕಾಲು ಎಷ್ಟು?"

ಅಪ್ಪ ಬಟ್ಟೆ ಎತ್ತಿ ಹಿಡಿದ. ಶಾಲೆಗೆ ಹೊರಟಿದ್ದ ಹುಡುಗಿ ಬಾಗಿಲಲ್ಲೇ ನಿಂತಳು. ಚಿತ್ರಕಲಾ ಶಾಲೆ ಅದೇ ಕುದುರೆ ಏರಿ ಓಡಿಹೋಗುತ್ತಿರುವುದು ಅವಳಿಗೆ ಗೊತ್ತಿತ್ತು. ಆದರೆ ತನ್ನ ಚಿತ್ರ ಇಷ್ಟು ದೊಡ್ಡದಾಗಿ, ಸುತ್ತಲಿನದನ್ನೆಲ್ಲ ಬಿಟ್ಟು ಎದ್ದುಬಂದದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ನಿನ್ನ ಕೆಲಸಾನಾ?"

"ಹೌದಪ್ಪ. ತಪ್ಪಾಯ್ತು." ಅವಳು ಬಟ್ಟೆಯತ್ತ ಬೆರಳು ತೋರಿದಳು. "ಹಿಂಗಾಲೊಂದು ಉಳಿದಿದೆ. ಅದನ್ನೂ ಕತ್ತರಿಸಿಬಿಡಪ್ಪ."

ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಅಪ್ಪ ಮತ್ತೆ ಕತ್ತರಿ ಹಿಡಿದು ಹಿಂಗಾಲನ್ನೂ ಕತ್ತರಿಸಿ ಮುಗಿಸಿದ.

ಅಷ್ಟರಲ್ಲಿ ಹೆಡ್‌ಮಾಸ್ತರರೇ ಬಂದರು. ಅಪ್ಪ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ, ಬೇರೆ ಬಟ್ಟೆ ತಂದು ಹೊಲಿದುಕೊಡುವುದಾಗಿ ಒಪ್ಪಿಕೊಂಡ. ಅವರು ಕನ್ನಡಕ ಏರಿಸಿ ಮೇಜಿನತ್ತ ಬಗ್ಗಿದರು.

"ಹೋಗಲಿ ಬಿಡಿ. ನಾಯಿ ಚೆನ್ನಾಗಿ ಬಂದಿದೆ."

"ಕುದುರೆ ಸಾರ್" ಎಂದ ಅಪ್ಪ, ತುಸು ಬಿರುಸಾಗಿ.

"ಹೌದಾ?"

ಅವರು ಹೋದ ಮೇಲೆ ಹುಡುಗಿ ಅವರು ನಿಂತಿದ್ದ ಕಡೆ ನಿಂತು ನೋಡಿದಳು. ನಾಯಿಯೇ.

"ಪರೀಕ್ಷೆ ಮುಗಿದ ಮಾರನೇ ದಿನ ಹೋಗಿ ಆ ಶಾಲೆ ಸೇರ್ಕೋ" ಎಂದ ಅಪ್ಪ.

"ಮಾತು ತಪ್ಪಿದ್ನಲ್ಲಪ್ಪ?"

"ಅದಕ್ಕೆ ಬೈಗುಳ ಸಂಜೆ ಇದೆ. ಆದ್ರೆ ಇಂಥ ಬಟ್ಟೆ ಹಾಳು ಮಾಡಿದ ಕುದುರೆ ನಾಯಿ ಅನ್ನಿಸಿಕೊಂಡ್ರೆ ನನ್ನ ಕೈಲಿ ಸಹಿಸೋಕಾಗಲ್ಲ."