ಲ್ಯಾಪ್‌ಟಾಪ್ ನುಂಗಿದ ಪ್ರಾಜೆಕ್ಟು

ಬೆಳಗ್ಗೆ ಗುಂಡಿ ಒತ್ತಿದ್ರೆ ಲ್ಯಾಪ್‌ಟಾಪ್ ಆನ್ ಆಗೋ ಬದ್ಲು "ಟಕ್... ಟಕ್... ಟಕ್..." ಅಂತು. ಸ್ಕ್ರೀನ್ ಮಾತ್ರ ಕಾಡಿಗೆ ಕಪ್ಪು. ಬೇರೆ ಯಾರಾದ್ರೂ ಆಗಿದ್ರೆ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಿದ್ರು. ಪುಟಾಣಿಗೆ ಮಾತ್ರ ಹಾಲು ಕುಡಿದಷ್ಟು ಖುಷಿ ಆಯ್ತು.

ಪುಟಾಣಿ ಅಂದ್ರೆ ಚಿಕ್ಕ ಮಗು ಏನಲ್ಲ. ಬಾಗಿಲು ದಾಟುವಾಗ ತಲೆ ಬಗ್ಗಿಸೋ ಅಷ್ಟು ಉದ್ದ ಬೆಳೆದ ಕಾಲೇಜ್ ಹುಡುಗ. ಅವತ್ತು ಸಂಜೆಯೊಳಗೆ ಪ್ರಾಜೆಕ್ಟ್ ಕೊಡಬೇಕಿತ್ತು, ಇಲ್ದಿದ್ರೆ ಇಡೀ ವರ್ಷ ಗೋತಾ. ವಿಷಯ, ‘ಬಸ್ ಸ್ಟಾಪಿನಲ್ಲಿ ಜನ ಕ್ಯೂ ನಿಲ್ಲುವ ರೀತಿ’. ಪುಟಾಣಿ ಅಲ್ಲಿವರೆಗೂ ಬರೆದಿದ್ದು ಆ ತಲೆಬರಹ ಒಂದೇ. ಬಸ್ ಸ್ಟಾಪಿನ ಕಡೆ ತಲೆ ಹಾಕಿಯೂ ಮಲಗಿರ್ಲಿಲ್ಲ, ಅವನ ಓಡಾಟವೆಲ್ಲ ಫ್ರೆಂಡ್ ಬೈಕಲ್ಲಿ. ಲ್ಯಾಪ್‌ಟಾಪ್ ಮುಂದೆ ಕೂತು ಕಣ್ಣು ಕೆಂಪಗೆ ಮಾಡ್ಕೊಂಡಿದ್ದ ಮಗನಿಗೆ ಅಮ್ಮ ಕಾಫಿ ಮೇಲೆ ಕಾಫಿ ಕೊಟ್ಟಿದ್ದೇ ಬಂತು. ಅವನು ಗೇಮಲ್ಲಿ ಕಾರ್ ಓಡಿಸ್ತಿದ್ದ.

ಪುಟಾಣಿ ತಕ್ಷಣ ಗೈಡ್ ಸರ್‌ಗೆ ಫೋನ್ ಮಾಡಿ, ಫೋನನ್ನ ಲ್ಯಾಪ್‌ಟಾಪಿಗೆ ತಾಗಿಸಿ ಟಕ್ ಟಕ್ ಕೇಳಿಸ್ದ.

"ಅಯ್ಯೋ ಪಾಪ. ರಿಪೇರಿ ಮಾಡಿಸಿ ನೋಡು. ಆಗ್ಲೇ ಇಲ್ಲ ಅಂದ್ರೆ ಒಂದು ವಾರ ಟೈಮ್ ಕೊಡ್ತೀನಿ" ಅಂದ್ರು ಸರ್.

ಈಗ ಬೇಕಾಗಿದ್ದು ಇಷ್ಟೇ. ಲ್ಯಾಪ್‌ಟಾಪ್ ಸಂಜೆವರೆಗೂ ಸತ್ತೇ ಇರ್ಬೇಕು. ಆದ್ರೆ ದೇವರು ವರ ಕೊಟ್ರೂ ಪೂಜಾರಿ ಕೊಡಲ್ವಲ್ಲ. ಟಕ್ ಟಕ್ ಕೇಳಿದ ಅಮ್ಮ "ನನ್ನ ಮಗ ಕಷ್ಟಪಟ್ಟು ಬರೆದಿದ್ದೆಲ್ಲಾ ಹೋಯ್ತು" ಅಂತ ಎದುರುಮನೆಗೆ ಓಡಿ ನರ್ಸ್ ಆಂಟೀನೂ, ಕೆಳಮನೆಗೆ ಓಡಿ ವಾಚ್ ರಿಪೇರಿ ಅಂಕಲ್‌ನೂ ಕರ್ಕೊಂಡು ಬಂದ್ಲು.

ನರ್ಸ್ ಆಂಟಿ ಡ್ಯೂಟಿಗೆ ಹೊರಟವಳು ಹಂಗೇ ಬಂದಿದ್ಲು. ಕೊರಳಲ್ಲಿದ್ದ ಸ್ಟೆತಾಸ್ಕೋಪ್ ತೆಗೆದು ಲ್ಯಾಪ್‌ಟಾಪ್ ಎದೆಗಿಟ್ಟಳು. "ಬಡಿತ ಇದೆ ಅಕ್ಕ. ಲಯ ತಪ್ಪಿದೆ ಅಷ್ಟೆ."

"ಬಿಡಿ ಆಂಟಿ, ಪಾಪ, ನೆಮ್ಮದಿಯಾಗಿ ಹೋಗ್ಲಿ" ಅಂದ ಪುಟಾಣಿ.

"ಸುಮ್ನಿರೋ. ಎಂಥೆಂಥವರನ್ನ ಎಬ್ಬಿಸಿ ಕೂರಿಸಿದೀನಿ" ಅಂತ ಆಂಟಿ ಫ್ರಿಜ್ಜಿಂದ ಐಸ್ ಚೀಲ ತಂದು ಅದರ ಕೆಳಗಿಟ್ಟಳು.

ಅಂಕಲ್ ಐಸ್ ಚೀಲ ಪಕ್ಕಕ್ಕೆ ತಳ್ಳಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡ್ರು. "ಜ್ವರ ಅಲ್ಲಮ್ಮ ಇದು. ಒಳಗೆ ಹಾರ್ಡ್ ಡಿಸ್ಕಲ್ಲಿ ಒಂದು ಮುಳ್ಳಿದೆ, ಅದು ಜಾಗ ಸಿಗದೆ ಒದ್ದಾಡ್ತಿದೆ. ಚಾರ್ಜರ್ ಕೀಳೋ ಮರಿ. ಬ್ಯಾಟರಿ ತೆಗಿ. ಈಗ ಗುಂಡಿ ಒತ್ತಿ ಹಿಡಿ."

ಪುಟಾಣಿ ಗುಂಡಿ ಪಕ್ಕದಲ್ಲಿ ಬೆರಳಿಟ್ಟು ಒತ್ತಿದಂಗೆ ನಟಿಸ್ದ. ಬ್ಯಾಟರಿ ವಾಪಸ್ ಹಾಕಿದ್ರು. ಟಕ್ ಟಕ್. ಪುಟಾಣಿ ಮುಖ ಅರಳ್ತು.

"ನೋಡಿ, ಅಳು ತಡ್ಕೊಂಡು ನಗ್ತಿದಾನೆ ಕಂದ" ಅಂತ ಅಮ್ಮ ಸೆರಗಲ್ಲಿ ಮೂಗೊರೆಸ್ಕೊಂಡ್ಲು.

ಕಾಫಿ ಕುಡಿದು ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಬಿಚ್ಚೋಣ ಅಂತ ಮೂವರೂ ಅಡುಗೆಮನೆಗೆ ಹೋದ್ರು. ಬಿಚ್ಚಿದ್ರೆ ಈ ಅಂಕಲ್ ಬದುಕಿಸಿಬಿಟ್ರೆ ಏನು ಗತಿ? ಪುಟಾಣಿ ಆ ಕಡೆ ಈ ಕಡೆ ನೋಡಿ, ಮುಷ್ಟಿ ಕಟ್ಟಿ, ಕಥೆ ಮುಗಿಸೇಬಿಡೋಣ ಅಂತ ಲ್ಯಾಪ್‌ಟಾಪಿಗೆ ಒಂದು ಗುದ್ದು ಕೊಟ್ಟ.

ಸ್ಕ್ರೀನ್ ಝಗ್ ಅಂತ ಹತ್ತಿಕೊಳ್ತು. ಜೊತೆಗೆ ಟಿಣಿಣೀ ಅಂತ ಸಂಗೀತ ಬೇರೆ.

"ಜೀವ ಬಂತು" ಅಂತ ಆಂಟಿ ಲೋಟದ ಸಮೇತ ಓಡಿಬಂದ್ಲು. ಅಮ್ಮ ಸ್ಕ್ರೀನಿಗೆ ಕೈಮುಗಿದ್ಲು. ಅಂಕಲ್ ಕೂತು, ಪುಟಾಣಿ "ಬೇಡ ಬೇಡ" ಅನ್ನೋಷ್ಟರಲ್ಲಿ ‘ಪ್ರಾಜೆಕ್ಟ್’ ಅಂತ ಇದ್ದ ಫೈಲ್ ತೆಗೆದೇಬಿಟ್ರು.

ತಲೆಬರಹ. ಅದರ ಕೆಳಗೆ ಬಿಳೀ ಬಯಲು.

ಪುಟಾಣಿ ಇಂಗು ತಿಂದ ಮಂಗನ ಥರ ನಿಂತ. ಅಂಕಲ್ ನಿಧಾನಕ್ಕೆ ಭೂತಗನ್ನಡಿ ಕಿತ್ತು ಹೇಳಿದ್ರು, "ಹೋಯ್ತಮ್ಮ. ಒಂದೊಂದು ಟಕ್‌ಗೆ ಒಂದೊಂದು ಪುಟ ನುಂಗಿದೆ."

"ಈ ಕಾರ್ ಗೇಮ್ ಮಾತ್ರ ಹಂಗೇ ಇದೆಯಲ್ಲ" ಅಂದ್ಲು ಆಂಟಿ.

"ಇಲಿಗೂ ಅಷ್ಟೇ, ಒಳ್ಳೇ ಸೀರೆನೇ ರುಚಿ."

ಪುಟಾಣಿಗೆ ಅಂಕಲ್ ಕಾಲಿಗೆ ಬೀಳೋಣ ಅನ್ನಿಸ್ತು. ಅಷ್ಟರಲ್ಲಿ ಅಮ್ಮ ಕಣ್ಣೊರೆಸ್ಕೊಂಡು ಸರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ಲು. ಮೂವರೂ ಸಾಕ್ಷಿ ಹೇಳಿದ್ದೇ ಹೇಳಿದ್ದು. ನರ್ಸ್ ಆಂಟಿ ಅಂತೂ ಸಾವು ತಿಳಿಸೋ ದನಿಯಲ್ಲಿ "ನಮ್ಮ ಕೈಲಾದ್ದೆಲ್ಲ ಮಾಡಿದ್ವಿ ಸರ್" ಅಂದ್ಲು.

"ಛೆ ಛೆ. ಆಯ್ತಮ್ಮ, ಒಂದು ವಾರ ತಗೊಳ್ಲಿ" ಅಂದ್ರು ಸರ್.

ಪುಟಾಣಿ ಮನಸ್ಸಲ್ಲೇ ಕುಣಿದ.

"ವಾರ ಯಾಕೆ ಸರ್?" ಅಂದ್ಲು ಅಮ್ಮ, ಹೆಮ್ಮೆಯಿಂದ ಮಗನ ಬೆನ್ನು ಸವರ್ತಾ. "ತಿಂಗಳಾನುಗಟ್ಲೆ ನಿದ್ದೆಗೆಟ್ಟು ಬರೆದಿದಾನೆ, ಎಲ್ಲಾ ಬಾಯಲ್ಲೇ ಇರುತ್ತೆ. ಈಗ್ಲೇ ಹೇಳ್ತಾನೆ, ನೀವೂ ಕೇಳಿಸ್ಕೊಳಿ."

"ಅಷ್ಟಿದ್ರೆ ಇನ್ನೇನು ಬೇಕು. ಹೇಳ್ಲಿ ಹೇಳ್ಲಿ, ನಾನೂ ಬಿಡುವಾಗೇ ಇದೀನಿ" ಅಂದ್ರು ಸರ್.

"ಟೈಪ್ ಮಾಡೋಕೆ ನಾನಿದೀನಿ ಮರಿ" ಅಂತ ಅಂಕಲ್ ಕುರ್ಚಿ ಎಳ್ಕೊಂಡ್ರು. ಆಂಟಿ ಆಸ್ಪತ್ರೆಗೆ ಫೋನ್ ಮಾಡಿ ಬರೋದು ತಡ ಆಗುತ್ತೆ ಅಂದ್ಲು. ಅಮ್ಮ ಮಗನ ಕೈಗೆ ಬಿಸಿ ಕಾಫಿ ಕೊಟ್ಟು ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತ್ಲು.

ಪುಟಾಣಿ ಗಂಟಲು ಸರಿಮಾಡ್ಕೊಂಡ. ಕಾಫಿ ಗುಟುಕರಿಸ್ದ. ಮತ್ತೆ ಗಂಟಲು ಸರಿಮಾಡ್ಕೊಂಡ.

"ಬಸ್ ಸ್ಟಾಪಲ್ಲಿ," ಅಂದ, "ಜನ ನಿಂತಿರ್ತಾರೆ."

ಅಂಕಲ್ ಅಷ್ಟನ್ನೂ ಟೈಪ್ ಮಾಡಿ, ಮುಂದಿನ ಮಾತಿಗೆ ಬೆರಳು ಎತ್ಕೊಂಡು ಕೂತ್ರು.