ಒಂಬತ್ತನೇ ಕ್ಲಾಸಿನ ಐವತ್ತೊಂದರ ವೀರೇಶ

ಆ ಮಾತು ಕಿವಿಗೆ ಬೀಳದೇ ಹೋಗಿದ್ದರೆ ಚನ್ನಮಲ್ಲಪ್ಪ ಮೇಷ್ಟ್ರ ಇಪ್ಪತ್ತು ವರ್ಷದ ಗತ್ತು ನಿವೃತ್ತಿಯವರೆಗೂ ಮುಕ್ಕಾಗದೆ ಉಳಿಯುತ್ತಿತ್ತು. ಆದರೆ ಡ್ರಿಲ್ ಮೇಷ್ಟ್ರು ಗೋಪೀನಾಥರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಶನಿವಾರ ಬೆಳಗಿನ ಪ್ರಾರ್ಥನೆ ಮುಗಿದು ಸ್ಟಾಫ್ ರೂಮಿಗೆ ಟೀ ಬಂದ ಹೊತ್ತಿಗೆ ಸರಿಯಾಗಿ ಅವರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ಸಾರ್, ಆರ್ಕುಟ್‌ನಲ್ಲಿ ನಿಮ್ಮ ಹೆಸರಲ್ಲಿ ಒಂದು ಕಮ್ಯುನಿಟಿ ಇದೆಯಂತೆ. ನಮ್ಮ ಮಕ್ಕಳೇ ಮಾಡಿರೋದು."

ವಿಜಯನಗರ ಬಡಾವಣೆಯ ಆ ಹೈಸ್ಕೂಲಿನಲ್ಲಿ ಆರ್ಕುಟ್ ಎಂದರೇನೆಂದು ಗೊತ್ತಿಲ್ಲದವರು ಇಬ್ಬರೇ. ಒಬ್ಬ ಜವಾನ ಬೈರಪ್ಪ, ಇನ್ನೊಬ್ಬರು ಸಮಾಜ ವಿಜ್ಞಾನದ ಚನ್ನಮಲ್ಲಪ್ಪ. ಗೋಪೀನಾಥರು ಬಿಡಿಸಿ ಹೇಳಿದರು. ಅದು ಇಂಟರ್‌ನೆಟ್ಟಿನ ಅರಳಿಕಟ್ಟೆ. ಅಲ್ಲಿ ಒಬ್ಬೊಬ್ಬರಿಗೂ ಒಂದು ಪುಟ. ಒಬ್ಬರ ಪುಟದ ಮೇಲೆ ಇನ್ನೊಬ್ಬರು ಏನಾದರೂ ಗೀಚಬಹುದು, ಅದಕ್ಕೆ ಸ್ಕ್ರ್ಯಾಪ್ ಎನ್ನುತ್ತಾರೆ. ಒಂದೇ ವಿಷಯದ ಹುಚ್ಚು ಹಿಡಿದವರು ಸೇರಿ ಗುಂಪು ಕಟ್ಟಿದರೆ ಅದು ಕಮ್ಯುನಿಟಿ. ಇವರ ಹೆಸರಿನದಕ್ಕೆ 'ಚನ್ನಮಲ್ಲಪ್ಪ ಸಾರ್ ರಹಸ್ಯ' ಎಂದು ನಾಮಕರಣವಾಗಿದೆ. ಒಳಗೆ ಏನಿದೆ ಎಂಬುದು ಸದಸ್ಯರಿಗೆ ಮಾತ್ರ ಕಾಣುತ್ತದೆ.

ಅಷ್ಟರಲ್ಲಿ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟಿತು. ಕನ್ನಡ ಪಾಠದ ವಿಮಲಮ್ಮ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿ, "ಕೃಷ್ಣ ಕೃಷ್ಣ. ಸತ್ಯ ನೋಡಿ, ಹಲ್ಲಿನೇ ನುಡೀತು," ಎಂದರು. ಚನ್ನಮಲ್ಲಪ್ಪನವರ ಕೈಯಲ್ಲಿದ್ದ ಟೀ ಅರ್ಧಕ್ಕರ್ಧ ಅಂಗಿಯ ಮೇಲೆ ಚೆಲ್ಲಿತು. ಪಾಪ, ಸುದ್ದಿಯ ಆಘಾತ ಎಂದು ಎಲ್ಲರೂ ಮರುಗಿದರು.

ಗಾಯದ ಮೇಲೆ ಉಪ್ಪು ಸುರಿಯಲು ಹೆಡ್‌ಮಿಸ್ಟ್ರೆಸ್ ಶಿವಗಂಗಮ್ಮನವರು ಆಗಲೇ ಒಳಗೆ ಬಂದರು. ಸಂಜೆ ನಾಲ್ಕಕ್ಕೆ ಪೋಷಕರ ಸಭೆ. ಮಕ್ಕಳು, ಶಿಕ್ಷಕರು ಇಂಟರ್‌ನೆಟ್ಟನ್ನು ಹೇಗೆ ಎಚ್ಚರದಿಂದ ಬಳಸಬೇಕು ಎಂದು ಯಾರಾದರೂ ಮಾತಾಡಬೇಕು. ಚನ್ನಮಲ್ಲಪ್ಪನವರೇ ಮಾತಾಡಲಿ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಈವರೆಗೆ ಕಂಪ್ಯೂಟರನ್ನೇ ಮುಟ್ಟದ ಮನುಷ್ಯ ಅವರೊಬ್ಬರೇ ಎನ್ನುವುದು ಇದಕ್ಕೆ ಕಾರಣ. ಕುಡಿತದ ಕೇಡನ್ನು ಕುಡಿಯದವನೇ ಹೇಳಬೇಕಲ್ಲವೇ? ಮಾಸಪತ್ರಿಕೆಯಿಂದ ಕತ್ತರಿಸಿದ ಒಂದು ಲೇಖನವನ್ನೂ ಅವರ ಕೈಗಿಟ್ಟು ಹೋದರು.

ಚನ್ನಮಲ್ಲಪ್ಪನವರ ಗತ್ತು ಸಾಮಾನ್ಯದ್ದಲ್ಲ. ಅವರ ಚಪ್ಪಲಿ ಸದ್ದಿಗೇ ಹತ್ತನೇ ಕ್ಲಾಸು ಉಸಿರು ಹಿಡಿಯುತ್ತಿತ್ತು. ಭೂಪಟಗಳಿರುವ ಮರದ ಅಲ್ಮೇರಾ ಆ ಕ್ಲಾಸಿನ ಮೂಲೆಯಲ್ಲೇ ಇತ್ತು, ಆದರೆ ಅದನ್ನು ಅವರು ಕೈಯಿಂದ ಮುಟ್ಟಿದವರಲ್ಲ. ಬಾಗಿಲಲ್ಲೇ ನಿಂತು ಬೀಗದ ಕೈ ಚಾಚಿ, "ರಕ್ಷಾ, ಇಂಡಿಯಾ," ಎಂದರೆ ಕ್ಲಾಸ್ ಲೀಡರ್ ರಕ್ಷಾ ಎದ್ದು ಬೀಗ ತೆಗೆದು, ಭೂಪಟವನ್ನು ಒದರಿ ನೇತುಹಾಕಿ, ಅಲ್ಮೇರಾ ಮುಚ್ಚಬೇಕು. ಆಮೇಲೆ ಸವಾರಿ ಒಳಗೆ ಬರುವುದು. ಇಂಥವರ ರಹಸ್ಯ ಊರೆಲ್ಲ ಓಡಾಡುತ್ತಿದೆ ಎಂದರೆ ಸೋಮವಾರ ಕ್ಲಾಸಿಗೆ ಯಾವ ಮುಖ ಹೊತ್ತು ಹೋಗುವುದು? ಅದಕ್ಕಿಂತ ಹೆಚ್ಚಾಗಿ, ತಮ್ಮದು ಯಾವ ರಹಸ್ಯ ಎಂಬ ಕುತೂಹಲ ಅವರನ್ನು ಬಡಗಿಯ ಗಿರಮಿಟ್ಟಿನಂತೆ ಕೊರೆಯತೊಡಗಿತು.

ಬೆಳಗಿನ ಶಾಲೆ ಬಿಟ್ಟಿದ್ದೇ ತಡ, ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಅವರು ಗೋವಿಂದರಾಜನಗರದ ಒಳರಸ್ತೆಗೆ ನಡೆದರು. ಬೇಕರಿಯೊಂದರ ಮಹಡಿ ಮೇಲೆ ಫಕೀರೇಶನ ಸೈಬರ್ ಕೆಫೆ ಇತ್ತು. ಗದಗದ ಕಡೆಯ ಹುಡುಗ, ಗಿರಾಕಿಯನ್ನು ಬೀಗರಂತೆ ಬರಮಾಡಿಕೊಳ್ಳುತ್ತಿದ್ದ. ಮೇಷ್ಟ್ರು ಆರ್ಕುಟ್ ಎಂದು ಪಿಸುಗುಟ್ಟಿದಾಗ ಅವನು ಒಂದಿಷ್ಟೂ ನಗದೆ ಪ್ಲೈವುಡ್ ಗೂಡಿನೊಳಗೆ ಕೂರಿಸಿ, ಖಾತೆ ತೆರೆದುಕೊಡಲು ಪಕ್ಕದಲ್ಲೇ ನಿಂತ.

ಹೆಸರಿನ ಜಾಗಕ್ಕೆ ಮೇಷ್ಟ್ರು ದಾರಿಯಲ್ಲೇ ಯೋಚಿಸಿಟ್ಟುಕೊಂಡಿದ್ದರು. ವೀರೇಶ, ಒಂಬತ್ತನೇ ಕ್ಲಾಸು. ಭಾವಚಿತ್ರಕ್ಕೆ ಒಂದು ಸೂರ್ಯಕಾಂತಿ ಹೂವು. ಇಷ್ಟಾದ ಮೇಲೆ ಹುಟ್ಟಿದ ದಿನಾಂಕ ಕೇಳಿತು.

"ಯಾವುದರ ಒಂದ್ ತಾರೀಖ ಹಾಕ್ರೀ ಸರ. ಯಾರು ನೋಡ್ತಾರ?" ಎಂದ ಫಕೀರೇಶ.

ಅಲ್ಲಿಯೇ ಮೇಷ್ಟ್ರು ಎಡವಿದ್ದು. ಹುಟ್ಟಿದ ದಿನಾಂಕ ಹೆಚ್ಚುಕಮ್ಮಿಯಾದ ಅರ್ಜಿಗಳನ್ನು ಸರ್ವಿಸಿನುದ್ದಕ್ಕೂ ಮುಖದ ಮೇಲೆ ಎಸೆದು ವಾಪಸು ಕಳಿಸಿದ ಕೈ ಅದು. ಹೆಸರಿನಲ್ಲಿ ಸುಳ್ಳು ಹೇಳಬಹುದು, ಕ್ಲಾಸಿನಲ್ಲಿ ಹೇಳಬಹುದು. ಹುಟ್ಟಿದ ದಿನಾಂಕ ಮಾತ್ರ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಇರಬೇಕು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಇಸವಿ ಸಮೇತ ಸತ್ಯವನ್ನೇ ತುಂಬಿದರು. ಹೀಗೆ ಒಂಬತ್ತನೇ ಕ್ಲಾಸಿನ ವೀರೇಶ ಐವತ್ತೊಂದನೆಯ ವಯಸ್ಸಿನಲ್ಲಿ ಲೋಕಕ್ಕೆ ಬಂದ.

ಕಮ್ಯುನಿಟಿ ಸಿಕ್ಕಿತು. ಬಾಗಿಲು ಮಾತ್ರ ಮುಚ್ಚಿತ್ತು. ಅದರ ಯಜಮಾನನ ಹೆಸರು 'ಬೀಗದ ಕೈ', ಚಿತ್ರವೂ ಬೀಗದ ಕೈಯೇ. ಸೇರಿಸಿಕೊಳ್ಳಿ ಎಂದು ಮೇಷ್ಟ್ರು ಕೋರಿಕೆ ಕಳಿಸಿದ ಸ್ವಲ್ಪ ಹೊತ್ತಿಗೆ ವೀರೇಶನ ಪುಟದ ಮೇಲೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಸ್ಕ್ರ್ಯಾಪ್ ಬಂದು ಕೂತಿತು. ನಮ್ಮ ಸ್ಕೂಲಿನವನೇ ಆದರೆ ಚನ್ನಮಲ್ಲಪ್ಪ ಸಾರ್ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಹೇಳು, ಸೇರಿಸ್ಕೋತೀನಿ ಎಂದು ಅದರಲ್ಲಿತ್ತು.

ತಮ್ಮ ಬಗ್ಗೆ ತಾವೇ ಚಾಡಿ ಹೇಳಬೇಕಾದ ಈ ಪರಿಸ್ಥಿತಿ ಮೇಷ್ಟ್ರಿಗೆ ವಿಚಿತ್ರವೆನಿಸಿತು. ಆದರೂ ಒಳಗೆ ಏನಿದೆ ಎಂದು ತಿಳಿಯಲೇಬೇಕಿತ್ತು. ಸ್ಕ್ರ್ಯಾಪ್ ಎಂದರೆ ಇನ್‌ಲ್ಯಾಂಡ್ ಲೆಟರಿನ ಹಾಗೆ, ಬರೆದವರು, ಬರೆಸಿಕೊಂಡವರು ಬಿಟ್ಟರೆ ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ ಎಂದು ಅವರ ನಂಬಿಕೆ. ಅದು ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗೆ ಎಂದು ಯಾರೂ ಹೇಳಿರಲಿಲ್ಲ. ಅತ್ತಿತ್ತ ನೋಡಿ, ಸಣ್ಣ ಗುಟ್ಟಿನಿಂದ ಶುರುಮಾಡೋಣವೆಂದು ಒತ್ತಿದರು. ಸಾರ್ ಮೀಸೆಗೆ ಕಪ್ಪು ಹಚ್ಚುತ್ತಾರೆ. ಅರ್ಥ ಆಯ್ತೋ ಇಲ್ವೋ?

ಕೊನೆಯ ಮೂರು ಪದ ಅವರು ಬೇಕೆಂದು ಬರೆದದ್ದಲ್ಲ. ಇಪ್ಪತ್ತು ವರ್ಷ ಪ್ರತಿ ವಾಕ್ಯದ ಬಾಲಕ್ಕೂ ಅದನ್ನು ಕಟ್ಟಿದ್ದರಿಂದ ಬೆರಳು ತಾನಾಗಿಯೇ ಓಡಿತು.

ಅದು ಎಲ್ಲರಿಗೂ ಗೊತ್ತು ಎಂದು ಉತ್ತರ ಬಂತು. ಸೋಮವಾರ ಕಿವಿಯ ಪಕ್ಕವೂ ಕಪ್ಪಾಗಿರುತ್ತದಲ್ಲ ಎಂದು ಕೆಳಗೆ ಇನ್ನೊಂದು ಸಾಲೂ ಇತ್ತು. ಮೇಷ್ಟ್ರಿಗೆ ನಿಜಕ್ಕೂ ನೋವಾಯಿತು. ಸ್ವಂತ ತಮ್ಮನಿಗೂ ತಿಳಿಯದ ಸಂಗತಿ ಎಂದುಕೊಂಡಿದ್ದರು.

ಸ್ವಲ್ಪ ದೊಡ್ಡದನ್ನೇ ಕೊಡಬೇಕಾಯಿತು. ಪರೀಕ್ಷೆ ಹಾಲಿನಲ್ಲಿ ಸಾರ್ ಕಪ್ಪು ಕನ್ನಡಕ ಹಾಕುವುದು ನಿದ್ದೆ ಮಾಡಲು. ಅರ್ಥ ಆಯ್ತೋ ಇಲ್ವೋ? ಗೊರಕೆ ಕೇಳಿಸುತ್ತೆ, ಹಳೇ ಸುದ್ದಿ ಎಂದು ಬೀಗದ ಕೈ ತಳ್ಳಿಹಾಕಿತು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿತು. ವೀರೇಶ, ನಿನ್ನ ಪುಟದಲ್ಲಿ ವಯಸ್ಸು ಐವತ್ತೊಂದು ಅಂತಿದೆ, ಎಷ್ಟು ಸಲ ಫೇಲ್ ಆದೆ?

ಮೇಷ್ಟ್ರು ಬೆವತರು. ನಮ್ಮಪ್ಪನ ಮಾರ್ಕ್ಸ್ ಕಾರ್ಡು ನೋಡಿ ತಪ್ಪು ತುಂಬಿದೆ ಎಂದು ಹೇಗೋ ಸಂಭಾಳಿಸಿದರು. ಇನ್ನು ತಡ ಮಾಡಿದರೆ ಬಾಗಿಲು ಶಾಶ್ವತವಾಗಿ ಮುಚ್ಚೀತು. ಒಳಗೆ ಹೋಗಿ ಅದೇನೆಂದು ನೋಡದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಹೆಂಡತಿಯನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲದ್ದನ್ನು ಬರೆದೇಬಿಟ್ಟರು. ಸಾರ್‌ಗೆ ಹಲ್ಲಿ ಕಂಡರೆ ಜೀವ ಹೋಗುತ್ತೆ. ಮನೆಯಲ್ಲಿ ಹಲ್ಲಿ ಬಂದರೆ ಮಂಚ ಹತ್ತಿ ನಿಲ್ಲುತ್ತಾರೆ, ಹೆಂಡತಿ ಪೊರಕೆ ತಂದು ಓಡಿಸಬೇಕು. ಅರ್ಥ ಆಯ್ತೋ ಇಲ್ವೋ?

ಆ ಕಡೆಯಿಂದ ಒಂದೇ ಒಂದು ಸಾಲು ಬಂತು. ಸೇರಿಸಿಕೊಂಡಿದ್ದೀನಿ ವೀರೇಶ, ಒಳಗೆ ಬಾ. ಮೇಷ್ಟ್ರು ಕಮ್ಯುನಿಟಿಯ ಹೆಸರನ್ನು ಒತ್ತಿದ್ದೂ, ಇಡೀ ಬೀದಿಯ ಕರೆಂಟು ಹೋದದ್ದೂ ಒಟ್ಟಿಗೇ ಆಯಿತು.

"ಇನ್ನ ಸಂಜಿಕೇನ ಬರೋದ್ರೀ ಸರ," ಎಂದು ಫಕೀರೇಶ ಕತ್ತಲೆಯಿಂದ ಸಮಾಧಾನ ಹೇಳಿದ.

ಮದುವೆ ಮನೆಗೆ ಹೋಗಿ ಎಲೆ ಮುಂದೆ ಕೂತವನನ್ನು ಎಬ್ಬಿಸಿ ಕಳಿಸಿದಂತಾಯಿತು ಅವರ ಪಾಡು.

ನಾಲ್ಕು ಗಂಟೆಗೆ ಹತ್ತನೇ ಕ್ಲಾಸಿನ ಕೋಣೆ ತುಂಬಿತ್ತು. ಪೋಷಕರು ಬೆಂಚುಗಳ ಮೇಲೆ, ಮಕ್ಕಳು ನೆಲದ ಮೇಲೆ, ಶಿಕ್ಷಕರು ಗೋಡೆಗೊರಗಿ, ಹೆಡ್‌ಮಿಸ್ಟ್ರೆಸ್ ಅಲ್ಮೇರಾದ ಪಕ್ಕ ಕುರ್ಚಿಯಲ್ಲಿ. ಯಾವಾಗಲೂ ತಲೆ ತಗ್ಗಿಸಿ ಕೂರುವ ಮಕ್ಕಳು ಇಂದು ಮೇಷ್ಟ್ರ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ವಿಷಯದಲ್ಲಿ ಇಷ್ಟು ಆಸಕ್ತಿಯೇ ಎಂದು ಶಿವಗಂಗಮ್ಮನವರಿಗೆ ಸಂತೋಷವಾಯಿತು.

ಮೇಷ್ಟ್ರು ಲೇಖನದಲ್ಲಿ ಇದ್ದುದನ್ನು ಗಂಭೀರವಾಗಿ ಹೇಳುತ್ತ ಹೋದರು. ಸುಳ್ಳು ಹೆಸರಿನಲ್ಲಿ ಯಾರೂ ಖಾತೆ ತೆರೆಯಬಾರದು. ನಿಜವಾದ ಹುಟ್ಟಿದ ದಿನಾಂಕವನ್ನು ಎಲ್ಲರಿಗೂ ಕಾಣುವಂತೆ ಇಡಬಾರದು. ಇದನ್ನು ಓದುವಾಗ ನಡುವೆ ನಿಲ್ಲಿಸಿ ನೀರು ಕುಡಿದರು. ಮುಖ ಕಾಣದವರು ಎಷ್ಟೇ ಪುಸಲಾಯಿಸಿದರೂ ಮನೆಯ ಗುಟ್ಟು ಬಿಟ್ಟುಕೊಡಬಾರದು. ಸೈಬರ್ ಕೆಫೆಯಿಂದ ಏಳುವ ಮುಂಚೆ ಲಾಗ್ ಔಟ್ ಮಾಡಬೇಕು ಎಂಬ ಸಾಲು ಬಂದಾಗ ಅವರಿಗೆ ಕತ್ತಲೆಯಲ್ಲಿ ಎದ್ದು ಬಂದದ್ದು ನೆನಪಾಯಿತು.

"ಇಲ್ಲಿ ವಿಜಯನಗರದಲ್ಲಿ ಕೂತು ಬರೆದದ್ದು ಬ್ರೆಜಿಲ್‌ವರೆಗೂ ಹೋಗುತ್ತೆ. ಅರ್ಥ ಆಯ್ತೋ ಇಲ್ವೋ?" ಎಂದು ಮುಗಿಸಿದರು.

ಮಕ್ಕಳ ಸಾಲಿನಲ್ಲಿ ಏನೋ ಒಂದು ಅಲೆ ಹಾದುಹೋಯಿತು. ಶಿವಗಂಗಮ್ಮನವರು ಎದ್ದು, ಅದನ್ನು ಪ್ರಪಂಚದ ಭೂಪಟದಲ್ಲೇ ತೋರಿಸಿದರೆ ಪೋಷಕರಿಗೆ ಮನಸ್ಸಿಗೆ ನಾಟೀತು ಎಂದರು. ಮೇಷ್ಟ್ರು ಅಭ್ಯಾಸದಂತೆ ಬೀಗದ ಕೈ ಚಾಚಿ, "ರಕ್ಷಾ, ವರ್ಲ್ಡ್," ಎಂದರು.

ರಕ್ಷಾ ಎದ್ದಳು, ಆದರೆ ಮುಂದೆ ಬರಲಿಲ್ಲ. "ಸಾರ್, ಇವತ್ತು ನೀವೇ ತೆಗೀತೀರಾ?" ಎಂದು ಕೇಳಿದಳು.

ಇದೇನು ಉದ್ಧಟತನವೆಂದು ಶಿವಗಂಗಮ್ಮನವರು ಗದರಿದಾಗ ಅವಳು ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದಳು.

"ಮಿಸ್, ನಾವು ಆರ್ಕುಟ್‌ನಲ್ಲಿ ಸಾರ್ ಹೆಸರಲ್ಲಿ ಕಮ್ಯುನಿಟಿ ಮಾಡಿದ್ದೀವಿ, ಆದ್ರೆ ಅಲ್ಲಿ ಸಾರ್‌ಗೆ ಬೈದಿಲ್ಲ. ಅಲ್ಲಿರೋದು ಒಂದೇ ಪ್ರಶ್ನೆ. ಸಾರ್ ಯಾಕೆ ಅಲ್ಮೇರಾ ಮುಟ್ಟಲ್ಲ ಅಂತ. ಒಬ್ರು ಸೊಂಟ ನೋವು ಅಂದ್ರು, ಒಬ್ರು ಹರಕೆ ಅಂದ್ರು. ಯಾರಿಗೂ ಗೊತ್ತಿರಲಿಲ್ಲ. ಇವತ್ತು ಮಧ್ಯಾಹ್ನ ವೀರೇಶ ಅಂತ ಒಬ್ಬ ಬಂದು ಹೇಳ್ದ. ಒಂಬತ್ತನೇ ಕ್ಲಾಸಂತೆ, ಐವತ್ತೊಂದು ವರ್ಷ."

ಚನ್ನಮಲ್ಲಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಳಗೆ ಯಾವ ರಹಸ್ಯವೂ ಇರಲಿಲ್ಲ. ಇದ್ದ ಒಂದೇ ಒಂದನ್ನು ತಾವೇ ಹೊತ್ತುಕೊಂಡು ಹೋಗಿ ಅವರ ಮನೆ ಬಾಗಿಲಿಗೆ ಇಳಿಸಿ ಬಂದಿದ್ದರು. ಆದರೆ ಇಪ್ಪತ್ತು ವರ್ಷದ ಗತ್ತು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅವರು ಎದೆ ಸೆಟೆಸಿದರು.

"ಈಗ ತಾನೇ ಏನು ಹೇಳಿದೆ ನಾನು? ಮುಖ ಕಾಣದವರನ್ನು ನಂಬಬಾರದು ಅಂತ ಹೇಳಿದೆನೋ ಇಲ್ವೋ? ಆ ವೀರೇಶ ಯಾರೋ ಪುಂಡ, ನಿಮಗೆ ಟೋಪಿ ಹಾಕಿದ್ದಾನೆ."

ಉತ್ತರ ಎಷ್ಟು ಒಪ್ಪವಾಗಿತ್ತೆಂದರೆ ಪೋಷಕರು ಚಪ್ಪಾಳೆ ತಟ್ಟಿದರು. ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ, ಯಾರೋ ಏನೋ ಎಂಬ ಅನುಮಾನ ಅವರ ಕಣ್ಣಲ್ಲಿ ಮೂಡಿದ್ದನ್ನು ಕಂಡು ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆ ಹುರುಪಿನಲ್ಲೇ ಬೀಗದ ಕೈ ಹಿಡಿದು ಅಲ್ಮೇರಾದ ಹತ್ತಿರ ನಡೆದು, ಬೀಗ ತೆಗೆದು ಚಿಲಕದ ಮೇಲೆ ಕೈಯನ್ನೂ ಇಟ್ಟರು.

ರಕ್ಷಾಳ ಮುಖ ಸಪ್ಪಗಾಯಿತು. "ಹಾಗಾದ್ರೆ ಅವನು ಹೇಳಿದ್ದು ಸುಳ್ಳಾ ಸಾರ್? ಸಾರ್‌ಗೆ ಹಲ್ಲಿ ಕಂಡ್ರೆ ಜೀವ ಹೋಗುತ್ತೆ ಅಂತ ಹೇಳಿದ್ದ."

ಅವಳ ಮಾತು ಮುಗಿಯುತ್ತಿದ್ದಂತೆ ಅಲ್ಮೇರಾದ ಒಳಗೆ, ಪ್ರಪಂಚದ ಭೂಪಟದ ಹಿಂದಿನಿಂದ, ಲೊಚ್ ಲೊಚ್ ಲೊಚ್ ಎಂದು ಸ್ಪಷ್ಟವಾಗಿ ಕೇಳಿಸಿತು.

ವಿಮಲಮ್ಮ ಗೆಣ್ಣಿನಿಂದ ಗೋಡೆ ಕುಟ್ಟಿ, "ಕೃಷ್ಣ ಕೃಷ್ಣ. ಸತ್ಯ," ಎಂದು ಮುಗಿಸುವಷ್ಟರಲ್ಲಿ ಚನ್ನಮಲ್ಲಪ್ಪ ಮೇಷ್ಟ್ರು ಹೆಡ್‌ಮಿಸ್ಟ್ರೆಸ್ ಕುರ್ಚಿ ಹತ್ತಿ ನಿಂತಿದ್ದರು.